ಮೊದಲು ಬಂದ ಗಾಡಿ ಮೊದಲು ಹೊರಡಬಾರದು

ಡೊಂಬಿವಿಲಿಯ ಶಾಲೆಯೊಂದರ ಮೈದಾನದಲ್ಲಿ ಮೊನ್ನೆ ನಾನು ತರಬೇತಿ ಕೊಡುವ ಆಂಬುಲೆನ್ಸ್ ಸಿಬ್ಬಂದಿಯ ಹೊಸ ಬ್ಯಾಚಿನ ಅಣಕು ಕಾರ್ಯಾಚರಣೆ ಇತ್ತು. ಇಪ್ಪತ್ತು ಮಂದಿ ‘ಗಾಯಾಳು’ಗಳು ಕೊರಳಿಗೆ ಚೀಟಿ ಕಟ್ಟಿಕೊಂಡು ಬಿದ್ದಿದ್ದರು. ಮೊದಲ ಆಂಬುಲೆನ್ಸಿನಿಂದ ಇಳಿದ ಇಂಡಿ ಕಡೆಯ ಹುಡುಗ, ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವನನ್ನು ಸ್ಟ್ರೆಚರಿಗೆ ಎತ್ತಿ ಪೈಲಟ್‌ಗೆ, ಅಂದರೆ ಗಾಡಿಯ ಚಾಲಕನಿಗೆ, “ನಡೀರಿ” ಎಂದ. ಎರಡು ನಿಮಿಷದೊಳಗೆ ಗಾಡಿ ಮಾಯ. ಕೂಗುತ್ತಿದ್ದವನ ಚೀಟಿಯಲ್ಲಿ ಬರೆದದ್ದು: ಮಣಿಕಟ್ಟು ಮುರಿದಿದೆ, ನಡೆಯಬಲ್ಲ.

“ಮೇಡಂ, ನಾ ಏನ್ ತಪ್ಪ್ ಮಾಡೀನ್ರಿ?”

ಪ್ರತಿ ಬ್ಯಾಚಿನಲ್ಲೂ ಈ ಪ್ರಶ್ನೆ ಬರುತ್ತದೆ. ಬೈಯಲು ನನಗೆ ಬಾಯಿ ಬರುವುದಿಲ್ಲ, ಏಕೆಂದರೆ ನಾನೂ ಹಾಗೇ ಮಾಡಿದವಳು. ಕೆಲಸಕ್ಕೆ ಸೇರಿದ ಮೊದಲ ಮಳೆಗಾಲ, ಗೋಡೆ ಕುಸಿದ ಜಾಗ. ಕೈಗೆ ಸಿಕ್ಕ ಹೆಂಗಸನ್ನು ಎತ್ತಿಕೊಂಡು ಓಡಿದೆ. ಹಿಂದೆ ಬಂದ ಗಾಡಿಯವರಿಗೆ ಯಾವ ಗಲ್ಲಿಯಿಂದ ಒಳಬರಬೇಕೆಂದು ಹೇಳುವವರೇ ಇರಲಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ 1970ರ ಕಾಳ್ಗಿಚ್ಚಿನ ನಂತರ ಇನ್ಸಿಡೆಂಟ್ ಕಮಾಂಡ್, ಅಂದರೆ ಅವಘಡದ ಸ್ಥಳದಲ್ಲಿ ಯಾರು ಏನು ನೋಡಿಕೊಳ್ಳಬೇಕೆಂಬ ವ್ಯವಸ್ಥೆ, ಹುಟ್ಟಿದ್ದು, ನಮ್ಮ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2010ರಲ್ಲಿ ಅದನ್ನು ಇನ್ಸಿಡೆಂಟ್ ರೆಸ್ಪಾನ್ಸ್ ಸಿಸ್ಟಮ್ ಎಂದು ಇಲ್ಲಿಗೆ ಒಗ್ಗಿಸಿದ್ದು, ಇವೆಲ್ಲ ಹುಡುಗರಿಗೆ ಬಾಯಿಪಾಠ. ತೊಡಕಿರುವುದು ‘ಕಮಾಂಡ್’ ಎಂಬ ಪದದಲ್ಲೇ. ಕೇಳಿದೊಡನೆ ಹೆಗಲ ಮೇಲೆ ನಕ್ಷತ್ರ ಇರುವ ಸಾಹೇಬ ಕಣ್ಣಮುಂದೆ ಬರುತ್ತಾನೆ. ಅವನು ಬರುವವರೆಗೆ ಯಾರು? ಮೊದಲು ಇಳಿದವರು. ಇಪ್ಪತ್ತೆರಡು ವರ್ಷದವಳಾದರೂ ಸರಿ, ಆ ಹೊತ್ತಿಗೆ ವೈದ್ಯಕೀಯ ಕಮಾಂಡ್ ಅವಳದೇ.

ಮಾಟುಂಗಾದ ಉಡುಪಿ ಹೋಟೆಲುಗಳ ಮುಂದೆ ಭಾನುವಾರ ಬೆಳಿಗ್ಗೆ ನಿಂತವರಿಗೆ, ಕಮಾಂಡ್ ಹಿಡಿದವರು ತಾವೇ ಗಾಯಾಳುವನ್ನು ಎತ್ತಿಕೊಂಡು ಓಡಬಾರದೇಕೆ ಎಂದು ಬಿಡಿಸಿ ಹೇಳಬೇಕಿಲ್ಲ. ಬಾಗಿಲಲ್ಲಿ ಪುಸ್ತಕ ಹಿಡಿದು “ಎಷ್ಟು ಜನ?” ಎಂದು ಹೆಸರು ಬರೆದುಕೊಳ್ಳುವವನು ಒಂದು ಲೋಟ ಕಾಫಿಯನ್ನೂ ಎತ್ತುವುದಿಲ್ಲ. ಪಾಪ ಎಂದು ಒಂದು ಟೇಬಲ್‌ಗೆ ಇಡ್ಲಿ ಕೊಡಲು ಒಳಗೆ ಹೋದನೋ, ಫುಟ್‌ಪಾತಿನಲ್ಲಿ ಜಗಳ ಶುರು.

ಹಾಗಾಗಿ ಒಬ್ಬರು, ಕಮಾಂಡ್ ಯಾರದೆಂದು ತೋರಿಸುವ ಜಾಕೆಟ್ ತೊಟ್ಟು, ಕೈ ಖಾಲಿ ಇಟ್ಟುಕೊಂಡು ನಿಲ್ಲಿ. ಕಂಟ್ರೋಲ್ ರೂಮಿಗೆ ಹೇಳಿ: ಏನಾಗಿದೆ, ನಿಖರವಾಗಿ ಎಲ್ಲಿ, ಅಂದಾಜು ಎಷ್ಟು ಮಂದಿ, ಕರೆಂಟೋ ಗ್ಯಾಸೋ ಇನ್ನೇನು ಅಪಾಯ, ಗಾಡಿಗಳು ಯಾವ ಕಡೆಯಿಂದ ಬರಬೇಕು. ಜೊತೆಗಾರರು “ನಡೆಯಬಲ್ಲವರು ಇತ್ತ ಬನ್ನಿ” ಎಂದು ಕೂಗಿ, ಉಳಿದವರ ಉಸಿರು, ನಾಡಿ, ಹೇಳಿದ ಮಾತು ತಿಳಿಯುತ್ತದೆಯೇ ಎಂಬುದನ್ನು ನೋಡುತ್ತ ಕೆಂಪು (ತಕ್ಷಣ ಚಿಕಿತ್ಸೆ ಬೇಕಾದವರು), ಹಳದಿ (ಸ್ವಲ್ಪ ಕಾಯಬಲ್ಲವರು), ಹಸಿರು (ನಡೆಯಬಲ್ಲವರು), ಕಪ್ಪು (ಉಸಿರಿಲ್ಲದವರು) ಚೀಟಿ ಕಟ್ಟುತ್ತ ಹೋಗಲಿ. ಒಬ್ಬರಿಗೆ ಅರ್ಧ ನಿಮಿಷ. ಆ ಅರ್ಧ ನಿಮಿಷದಲ್ಲಿ ಮುಚ್ಚಿದ ಶ್ವಾಸದಾರಿ ತೆರೆಯಬಹುದು, ಚಿಮ್ಮುವ ರಕ್ತಕ್ಕೆ ಬಿಗಿದು ಕಟ್ಟಬಹುದು, ಅಷ್ಟೇ. ಬೈಕಿನಿಂದ ಬಿದ್ದ ಒಬ್ಬಿಬ್ಬರಿಗೆ ಈ ಕ್ರಮವಲ್ಲ. ನಿಮ್ಮ ಸೇವೆಯ ನಿಯಮಾವಳಿ ಬೇರೆ ಹೇಳಿದರೆ ಅದನ್ನೇ ಪಾಲಿಸಿ.

ಮುಂಬೈಯ ಜನ ನಮಗಾಗಿ ಕಾಯುವುದೂ ಇಲ್ಲ ಅನ್ನಿ. 2006ರ ಜುಲೈ 11ರ ಸಂಜೆ ಪಶ್ಚಿಮ ರೈಲ್ವೆಯ ಲೋಕಲ್‌ಗಳಲ್ಲಿ ಹನ್ನೊಂದು ನಿಮಿಷದಲ್ಲಿ ಏಳು ಬಾಂಬ್ ಸಿಡಿದಾಗ, ಹಳಿ ಪಕ್ಕದ ಮನೆಗಳವರು ಬೆಡ್‌ಶೀಟುಗಳಲ್ಲೇ ಗಾಯಾಳುಗಳನ್ನು ಹೊತ್ತರು. ಆ ಜನರಿಗೆ ಕೈಮುಗಿಯುತ್ತೇನೆ. ಆದರೆ ರಿಕ್ಷಾ, ಟೆಂಪೊಗಳೆಲ್ಲ ಹತ್ತಿರದ ಆಸ್ಪತ್ರೆಗೇ ಓಡುತ್ತವೆ. ನಿಜವಾದ ಕೆಂಪು ಚೀಟಿಯವರು ಬರುವಷ್ಟರಲ್ಲಿ ಅಲ್ಲಿನ ಕ್ಯಾಶುವಾಲ್ಟಿ ಕೈಕಾಲು ತರಚಿದವರಿಂದ ತುಂಬಿರುತ್ತದೆ. ಯಾರು ಯಾವ ಆಸ್ಪತ್ರೆಗೆ ಎಂದು ಹಂಚಲು ಸ್ಥಳದಲ್ಲಿ ಒಬ್ಬರು ಬೇಕೇ ಬೇಕು.

ಇನ್ನೊಂದು ಮಾತು. ಹಿರಿಯರು ಬಂದರೆಂದು ಜಾಕೆಟ್ ತನ್ನಷ್ಟಕ್ಕೆ ಅವರ ಮೈಮೇಲೆ ಹೋಗುವುದಿಲ್ಲ. ಎದುರಾ ಎದುರು ನಿಂತು ಲೆಕ್ಕ ಒಪ್ಪಿಸಿ, “ಈಗ ನೀವು” ಎಂದು ಹೇಳಿ, ರೇಡಿಯೊದಲ್ಲೂ ತಿಳಿಸಿ.

ಮಧ್ಯಾಹ್ನ ಮತ್ತೆ ಅದೇ ಹುಡುಗನಿಗೆ ಜಾಕೆಟ್ ತೊಡಿಸಿದೆ. ಕೈ ಸುಮ್ಮನಿರದೆ ಗ್ಲೌಸ್ ಹಾಕುವುದು, ತೆಗೆಯುವುದು. ಕೊನೆಗೆ ಪೆನ್ನು ಕೊಟ್ಟೆ. ಅಂಗೈ ಮೇಲೆ ಬರೆದುಕೊಂಡ: ಕೆಂಪು 4, ಹಳದಿ 6, ಹಸಿರು 9, ಕಪ್ಪು 1. ಒಬ್ಬಾತ ಪ್ಯಾಂಟಿನ ತುದಿ ಹಿಡಿದು ಎಳೆದಾಗಲೂ ಕದಲಲಿಲ್ಲ. ಸಂಜೆ ಚಹಾದ ಟಪರಿಯಲ್ಲಿ ಮೆಲ್ಲಗೆ ಕೇಳಿದ:

“ಮೇಡಂ, ಇವತ್ತ್ ಏನ್ ಕೆಲ್ಸ ಮಾಡ್ದಿ ಅಂತ ಅವ್ವ ಫೋನ್ ಮಾಡಿ ಕೇಳ್ತಾಳ್ರಿ. ನಿಂತಿದ್ದೆ ಅಂತ ಹೇಳ್ಲೇನ್ರಿ?”

“ಹೇಳಪ್ಪಾ,” ಎಂದೆ. ಅವನಿಗೆ ಇನ್ನೂ ಪೂರ್ತಿ ಒಪ್ಪಿಗೆಯಾದ ಹಾಗಿರಲಿಲ್ಲ.