ಬೇಡಿಕೆ ಪಟ್ಟಿ ಬೇರೆ, ಕ್ರಿಯಾ ಯೋಜನೆ ಬೇರೆ

ಪಠ್ಯದಲ್ಲಿ ಸಮುದಾಯವೇ ರೂಪಿಸುವ ಕ್ರಿಯಾ ಯೋಜನೆಯ ಅಧ್ಯಾಯವನ್ನು ಮೂರು ಸಲ ಓದಿದ್ದರೂ ನನಗೆ ಅದು ಅರ್ಥವಾದದ್ದು ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಊರೊಂದಕ್ಕೆ ಕ್ಷೇತ್ರಕಾರ್ಯಕ್ಕೆ ಹೋದಾಗ. ಮಂಡ್ಯ ಎಂದೊಡನೆ ನಾಲೆ, ಕಬ್ಬು, ಭತ್ತ ಕಣ್ಣಮುಂದೆ ಬರುತ್ತವೆ. ಆ ಊರು ಹಾಗಲ್ಲ. ರಾಗಿ, ಹುರುಳಿ, ಒಂದು ಕೆರೆ, ಬತ್ತುತ್ತಿರುವ ಕೊಳವೆಬಾವಿಗಳು.

ದೇವಸ್ಥಾನದ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಊರಿನ ನಕ್ಷೆ ಬರೆಯಲು ಕೇಳಿಕೊಂಡೆವು. ಗಂಡಸರು ಮೊದಲು ರಸ್ತೆ, ಹಾಲಿನ ಡೇರಿ, ಪಂಪ್‌ಸೆಟ್‌ಗಳನ್ನು ಗುರುತಿಸಿದರು. ಹೆಂಗಸರು ಬೇರೆಯಾಗಿ ಕುಳಿತು ಬರೆದಾಗ ಮೊದಲು ಮೂಡಿದ್ದು ನಲ್ಲಿ, ಅಂಗನವಾಡಿ, ದೀಪವಿಲ್ಲದ ತಿರುವು. ಕಾಲೊನಿಯವರು ಬರುವವರೆಗೆ ಅವರ ಮನೆಗಳು ಎರಡೂ ನಕ್ಷೆಗಳಲ್ಲಿ ಇರಲಿಲ್ಲ. ಸಭೆಗೆ ಎಷ್ಟು ಜನ ಬಂದರು ಎಂಬುದಕ್ಕಿಂತ ಯಾರು ಬರಲಿಲ್ಲ ಎಂಬುದನ್ನು ಮೊದಲು ಬರೆದುಕೊಳ್ಳಿ.

ಆದ್ಯತೆ ಗುರುತಿಸಲು ಒಬ್ಬೊಬ್ಬರಿಗೂ ಹತ್ತು ಹುಣಸೆ ಬೀಜ ಕೊಟ್ಟು, ಮುಖ್ಯವೆನಿಸಿದ ಸಮಸ್ಯೆಗೆ ಹೆಚ್ಚು ಬೀಜ ಇಡಲು ಹೇಳಿದೆವು. ನೀರಿನ ಗುಡ್ಡೆಯೇ ದೊಡ್ಡದಾಯಿತು. ‘ಇನ್ನೊಂದು ಬೋರ್ ಕೊರೆಸಿಕೊಡಿ’ ಎಂದರು. ಇಲ್ಲಿಗೇ ನಿಲ್ಲಿಸಿದರೆ ಅದು ಬೇಡಿಕೆ ಪಟ್ಟಿ. ಇರುವ ಬೋರ್ ಏಕೆ ಬತ್ತಿತು ಎಂದು ಕೇಳಿದೆವು. ಕೆರೆ ತುಂಬುತ್ತಿಲ್ಲ. ಕೆರೆ ಏಕೆ ತುಂಬುತ್ತಿಲ್ಲ? ಹಿಂದೆ ಕೆರೆಯ ನೀರು ಹಂಚುವ ನೀರುಗಂಟಿಯಾಗಿದ್ದ ಅಜ್ಜ ಎದ್ದು ನಿಂತು, ‘ಬನ್ನಿ, ತೋರಿಸುತ್ತೇನೆ’ ಎಂದರು. ಅವರ ಹಿಂದೆ ಏರಿ ದಾಟಿ ನಡೆದೆವು. ಕೆರೆಗೆ ನೀರು ತರುವ ಕಾಲುವೆಯಲ್ಲಿ ಲಂಟಾನ ಬೆಳೆದಿತ್ತು, ಹೂಳು ತುಂಬಿತ್ತು. ಒಂದು ಕಡೆ ಕಾಲುವೆಯನ್ನೇ ಮುಚ್ಚಿ ಹೊಲಕ್ಕೆ ಸೇರಿಸಿಕೊಂಡಿದ್ದರು.

ಆಮೇಲೆ ಕ್ರಿಯಾ ಯೋಜನೆಯ ನಾಲ್ಕು ಕಲಂಗಳ ಹಾಳೆ: ಕೆಲಸ, ಹೊಣೆ, ಹಣ, ಗಡುವು. ಗಿಡ ಕಡಿಯುವುದು ಊರವರದು, ಹೂಳೆತ್ತುವುದು ಪಂಚಾಯಿತಿಯದು, ಒತ್ತುವರಿ ಅಳೆಯುವುದು ಸರ್ವೇಯರ್‌ ಕೆಲಸ.

ಪರೀಕ್ಷೆಗೆ ಬೇಕಾದದ್ದು ಇಷ್ಟು. ಪಂಚಾಯಿತಿಗಳಿಗೆ ಸಾಂವಿಧಾನಿಕ ಸ್ಥಾನ ನೀಡಿದ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರಲ್ಲಿ. ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆಯೂ ಅದೇ ವರ್ಷದ್ದು. ಜನರ ಪಾಲ್ಗೊಳ್ಳುವಿಕೆಯಿಂದ ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆ ರೂಪಿಸುವ ಕ್ರಮ ದೇಶದಾದ್ಯಂತ ಆರಂಭವಾದದ್ದು 2015ರಲ್ಲಿ. ಪಂಚಾಯಿತಿ ಸದಸ್ಯರಿಗೆ ತರಬೇತಿ ನೀಡುವ ಅಬ್ದುಲ್ ನಜೀರ್ ಸಾಬ್ ಸಂಸ್ಥೆ ಮೈಸೂರಿನಲ್ಲೇ ಇದೆ.

ಹಣದ ಕಲಂ ತುಂಬುವಾಗ ಎಚ್ಚರವಿರಲಿ. 15ನೇ ಹಣಕಾಸು ಆಯೋಗವು 2021-26ರ ಅವಧಿಗೆ ಪಂಚಾಯಿತಿಗಳಿಗೆ ಶಿಫಾರಸು ಮಾಡಿದ ಅನುದಾನದಲ್ಲಿ ಶೇ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಹೆಂಗಸರು ಕೇಳಿದ ಬೀದಿದೀಪಕ್ಕೆ ಆ ಪಾಲನ್ನು ಬಳಸುವಂತಿರಲಿಲ್ಲ, ಬೇರೆ ಬಾಬ್ತು ಹುಡುಕಬೇಕಿತ್ತು. ಇನ್ನೊಂದು ಮಾತು: ಅಂಗಳದಲ್ಲಿ ಎಷ್ಟೇ ಚೆನ್ನಾಗಿ ಚರ್ಚೆಯಾಗಿದ್ದರೂ ವಾರ್ಡ್ ಸಭೆ, ಗ್ರಾಮ ಸಭೆಗಳ ನಡಾವಳಿಯಲ್ಲಿ ದಾಖಲಾಗದ ಕೆಲಸವನ್ನು ಮುಂದೆ ಯಾರೂ ಕೇಳುವುದಿಲ್ಲ. ನಡಾವಳಿಯನ್ನು ಸಭೆಯಲ್ಲೇ ಓದಿಸಿ ಎಂದು ನಾನು ಒತ್ತಿ ಹೇಳುತ್ತೇನೆ.

ನಮ್ಮ ಹಾಳೆಯಲ್ಲಿ ಒತ್ತುವರಿಯ ಸಾಲಿಗೆ ಅರ್ಜಿ ಕೊಡುವವರ ಹೆಸರು ಬಹಳ ಹೊತ್ತು ಖಾಲಿ ಇತ್ತು. ಹೊಲದವರು ಅಲ್ಲೇ ಕುಳಿತಿದ್ದರು. ಕೊನೆಗೆ ಸ್ವಸಹಾಯ ಸಂಘದ ಇಬ್ಬರು ಹೆಂಗಸರು, ‘ನಮ್ಮ ಹೆಸರು ಬರೆಯಿರಿ’ ಎಂದರು.