ಓದುಗರ ಪ್ರಶ್ನೆ: ‘ಶೋರೂಮಿನವರು ಕಂಪನಿಯವರೇ ತಾನೇ, ನಂಬಬಹುದಲ್ವಾ?’

ಪ್ರಶ್ನೆ: ನಮ್ಮದು ಪೆಟ್ರೋಲ್ ಹ್ಯಾಚ್‌ಬ್ಯಾಕ್. ತಗೊಂಡು ಎರಡು ವರ್ಷ ಆಯ್ತು, 20,000 ಕಿ.ಮೀ. ಓಡಿದೆ. ಶೋರೂಮಿನಲ್ಲಿ ಸರ್ವಿಸ್‌ಗೆ 14,600 ರೂಪಾಯಿ ಎಸ್ಟಿಮೇಟ್ ಕೊಟ್ಟಿದ್ದಾರೆ. ಜಾಸ್ತಿ ಅನ್ನಿಸುತ್ತಿದೆ. ಆದರೆ ಅವರು ಕಂಪನಿಯವರೇ ತಾನೇ, ಸುಮ್ನೆ ಯಾಕೆ ಹೇಳ್ತಾರೆ? ನಂಬಬಹುದಲ್ವಾ?

ಊರು ಬೇರೆ, ಕಾರು ಬೇರೆ, ಮೊತ್ತ ಬೇರೆ. ‘ಕಂಪನಿಯವರೇ ತಾನೇ’ ಅನ್ನುವ ಎರಡು ಪದ ಮಾತ್ರ ಪ್ರತಿ ಸಲವೂ ಇದ್ದೇ ಇರುತ್ತದೆ. ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ ನನಗೇ ಲೆಕ್ಕ ತಪ್ಪಿದೆ. ಈ ಸಲ ಉದ್ದಕ್ಕೇ ಬರೆದುಬಿಡುತ್ತೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸಿದರಾಯಿತು.

ಅವಸರದಲ್ಲಿರುವವರಿಗೆ ಚಿಕ್ಕ ಉತ್ತರ: ಅವರು ಮಾಡುವ ಕೆಲಸವನ್ನು ಬಹುಪಾಲು ನಂಬಬಹುದು. ಎಸ್ಟಿಮೇಟನ್ನು ಓದಬೇಕು. ಮತ್ತೆ, ಅವರು ಕಂಪನಿಯವರಲ್ಲ.

ಹೌದು, ಅಲ್ಲ. ಕಟ್ಟಡದ ನೆತ್ತಿಯ ಮೇಲೆ ಆಳೆತ್ತರದ ಲೋಗೋ ಇದೆ. ಹುಡುಗರ ಶರ್ಟಿನ ಮೇಲೂ ಇದೆ, ಬಿಲ್ಲಿನ ಮೇಲೂ ಇದೆ. ಆದರೂ ಅದು ಕಂಪನಿಯ ಆಸ್ತಿಯಲ್ಲ, ಡೀಲರ್‌ಶಿಪ್. ಯಾರೋ ಒಬ್ಬ ಉದ್ಯಮಿ ತನ್ನ ದುಡ್ಡು, ಬ್ಯಾಂಕಿನ ಸಾಲ ಹಾಕಿ, ಜಾಗ ಹಿಡಿದು, ಕಂಪನಿ ಜೊತೆ ಒಪ್ಪಂದ ಮಾಡಿಕೊಂಡು ನಡೆಸುವ ವ್ಯಾಪಾರ. ಅದೇ ಮಾಲೀಕರಿಗೆ ಎರಡು ಸಿಗ್ನಲ್ ಆಚೆ ಇನ್ನೊಂದು ಕಂಪನಿಯ ಶೋರೂಮ್ ಇರುವುದೂ ಉಂಟು. ಅಲ್ಲಿ ಅವರು ಇದೇ ಕಾರನ್ನು ಬೈದು ಆ ಕಾರನ್ನು ಮಾರುತ್ತಾರೆ.

ನಂಬಿಕೆ ಬರಲಿಲ್ಲವಾ? ಮುಂದಿನ ಸಲ ಬಿಲ್ ಕಟ್ಟುವಾಗ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಪಿನ್ ಒತ್ತುವ ಮುಂಚೆ ಮೊಬೈಲಿನಲ್ಲಿ ಯಾರ ಹೆಸರು ಬಂತು ನೋಡಿ. ಕಾರಿನ ಕಂಪನಿಯ ಹೆಸರು ಬಂದಿರುವುದಿಲ್ಲ. ಯಾವುದೋ ‘ಮೋಟರ್ಸ್ ಪ್ರೈವೇಟ್ ಲಿಮಿಟೆಡ್’ ಅಂತಲೋ, ಮಾಲೀಕರ ಅಜ್ಜನ ಹೆಸರಿನ ‘ಆಟೊ’ ಅಂತಲೋ ಇರುತ್ತದೆ. ಬಿಲ್ಲಿನ ಜಿಎಸ್‌ಟಿ ನಂಬರೂ ಅವರದ್ದೇ. ನಿಮ್ಮ ದುಡ್ಡು ಹೋಗುವುದು ಅಲ್ಲಿಗೆ.

ಇನ್ನೂ ಅನುಮಾನ ಇದ್ದರೆ ಫೋರ್ಡ್ ಕಥೆ ನೆನಪಿಸಿಕೊಳ್ಳಿ. 2021ರ ಸೆಪ್ಟೆಂಬರ್ 9ರಂದು ಫೋರ್ಡ್ ಕಂಪನಿ ಭಾರತದಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುತ್ತೇವೆ ಅಂತ ಹೇಳಿತು. ಅವತ್ತು ತಲೆ ಮೇಲೆ ಕೈಹೊತ್ತವರು ಕಾರಿನ ಮಾಲೀಕರಷ್ಟೇ ಅಲ್ಲ, ಡೀಲರುಗಳೂ ಹೌದು. ಡೀಲರುಗಳ ಒಕ್ಕೂಟ ಫಾಡಾ, ಹೀಗೆ ಕೈಬಿಟ್ಟು ಹೋಗುವ ಕಂಪನಿಗಳಿಂದ ಡೀಲರುಗಳನ್ನು ಕಾಪಾಡಲು ಒಂದು ಕಾನೂನು ಬೇಕು ಅಂತ ಸರ್ಕಾರದ ಮುಂದೆ ಹೋಯಿತು. ಅದಕ್ಕೂ ಮುಂಚೆ, 2017ರಲ್ಲಿ ಜನರಲ್ ಮೋಟರ್ಸ್ ಇಲ್ಲಿ ಶೆವ್ರೊಲೆ ಮಾರುವುದನ್ನು ನಿಲ್ಲಿಸಿದಾಗಲೂ ಇದೇ ಪಾಡು. ಡೀಲರೇ ಕಂಪನಿ ಆಗಿದ್ದರೆ, ಕಂಪನಿಯಿಂದ ಕಾಪಾಡಿ ಅಂತ ಕೂಗುವ ಗತಿ ಯಾಕೆ ಬರುತ್ತಿತ್ತು ಹೇಳಿ?

ಕಂಪನಿಗಳೇ ನೇರವಾಗಿ ನಡೆಸುವ ಸರ್ವಿಸ್ ಸೆಂಟರುಗಳೂ ಇವೆಯಲ್ಲ ಅಂತ ಯಾರಾದರೂ ಹೇಳಿಯೇ ಹೇಳುತ್ತೀರಿ. ಇವೆ, ಕಡಿಮೆ. ಹಾಗೆ ಕಂಪನಿಯೇ ನಡೆಸಿದ ಮಾತ್ರಕ್ಕೆ ಎಲ್ಲ ಸರಿ ಅಂತಲೂ ಇಲ್ಲ. ಬೆಂಗಳೂರಿನದ್ದೇ ಆದ ಓಲಾ ಎಲೆಕ್ಟ್ರಿಕ್ ಸ್ಕೂಟರ್‌ಗಳಿಗೆ ಮಧ್ಯೆ ಡೀಲರುಗಳಿರಲಿಲ್ಲ, ಸರ್ವಿಸ್ ಅವರದ್ದೇ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಒಂದು ವರ್ಷದಲ್ಲಿ 10,000ಕ್ಕೂ ಹೆಚ್ಚು ದೂರು ಹೋಗಿ, 2024ರ ಅಕ್ಟೋಬರ್‌ನಲ್ಲಿ ಗ್ರಾಹಕ ರಕ್ಷಣಾ ಪ್ರಾಧಿಕಾರ ನೋಟಿಸ್ ಕೊಟ್ಟಿತು. ಬಹುಪಾಲು ದೂರು ಬಗೆಹರಿಸಿದ್ದೇವೆ ಅಂತ ಕಂಪನಿ ಉತ್ತರ ಕೊಟ್ಟಿತು. ಅದು ಏನೇ ಇರಲಿ, ‘ಕಂಪನಿಯವರೇ ತಾನೇ’ ಅನ್ನುವುದು ಎರಡೂ ಕಡೆಯಿಂದ ಕೆಲಸಕ್ಕೆ ಬಾರದ ಮಾತು ಅಂತ ತೋರಿಸಲು ಇಷ್ಟು ಸಾಕು.

ಈಗ ನಿಮ್ಮ ಮುಂದೆ ಟ್ಯಾಬ್ ಹಿಡಿದು ನಿಂತ ಹುಡುಗನ ವಿಷಯ. ಅವನು ಸರ್ವಿಸ್ ಅಡ್ವೈಸರ್. ನಿಮ್ಮ ಕಾರಿನ ಬೋಲ್ಟ್ ಬಿಚ್ಚುವವನು ಅವನಲ್ಲ. ಅವನಿಗೆ ಸಂಬಳ ಕೊಡುವವರು ಡೀಲರ್. ಹೊಸ ಕಾರು ಮಾರಿ ಡೀಲರ್‌ಗೆ ಸಿಗುವ ಲಾಭ ತೆಳು. ಅದರಲ್ಲೂ ಡಿಸ್ಕೌಂಟ್ ಕೊಡಿ ಅಂತ ನಾವು ಅರ್ಧ ದಿನ ಕೂತು ಹಿಂಡಿರುತ್ತೇವೆ. ಶೋರೂಮಿನ ಗಾಜು, ಏಸಿ, ಬಾಡಿಗೆ, ಸಂಬಳ ಎಲ್ಲ ನಡೆಯುವುದು ಹಿಂಬದಿಯ ವರ್ಕ್‌ಶಾಪಿನಿಂದ. ಹಾಗಾಗಿ ಅಡ್ವೈಸರ್‌ಗೆ ತಿಂಗಳಿಗೆ ಇಷ್ಟು ಅಂತ ಟಾರ್ಗೆಟ್ ಇರುತ್ತದೆ. ಆಯಿಲ್ ಬದಲಿಸಿದರೆ ಆ ಟಾರ್ಗೆಟ್ ಮುಟ್ಟುವುದಿಲ್ಲ, ಅದು ಹೇಗೂ ಮಾಡಲೇಬೇಕಾದ ಕೆಲಸ. ಮುಟ್ಟುವುದು ‘ವ್ಯಾಲ್ಯೂ ಆ್ಯಡೆಡ್ ಸರ್ವಿಸ್’ ಮಾರಿದರೆ. ಇಂಜಿನ್ ಫ್ಲಶ್ (ಹಳೇ ಆಯಿಲ್‌ಗೆ ಒಂದು ದ್ರಾವಣ ಸೇರಿಸಿ ಇಂಜಿನ್ ಒಳಗೆ ತೊಳೆಯುವುದು), ಥ್ರಾಟಲ್ ಬಾಡಿ ಕ್ಲೀನಿಂಗ್, ಏಸಿ ಡಿಸ್‌ಇನ್ಫೆಕ್ಷನ್, ಅಂಡರ್‌ಬಾಡಿ ಕೋಟಿಂಗ್, ಇಂಟೀರಿಯರ್ ಕ್ಲೀನಿಂಗ್, ಇಲಿ ಬರದ ಸ್ಪ್ರೇ. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಹಾಸನದಿಂದಲೋ ಹಾವೇರಿಯಿಂದಲೋ ಬಂದು ಪೀಜಿಯಲ್ಲಿ ಇದ್ದುಕೊಂಡು ದಿನಕ್ಕೆ ಹತ್ತಾರು ಜನರ ಮುಖ ನೋಡುತ್ತಾನೆ. ಆದರೆ ಅವನು ಹೇಳುವುದು ಡೀಲರ್ ಮಾತು.

ಹಾಗಾದರೆ ಕಂಪನಿಯ ಮಾತು ಎಲ್ಲಿದೆ? ನಿಮ್ಮ ಗ್ಲೋವ್ ಬಾಕ್ಸಿನಲ್ಲಿ. ಇನ್ಶೂರೆನ್ಸ್ ಕಾಪಿ, ಟೋಲ್ ರಸೀದಿ, ದೇವಸ್ಥಾನದ ಕುಂಕುಮದ ಪೊಟ್ಟಣ ಇವೆಲ್ಲದರ ಅಡಿಯಲ್ಲಿ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದ ಒಂದು ಪುಸ್ತಕ ಇದೆಯಲ್ಲ, ಓನರ್ಸ್ ಮ್ಯಾನುಯಲ್, ಅದು ಕಂಪನಿ ಬರೆದದ್ದು. ಅದರಲ್ಲಿ ಮೆಂಟೆನೆನ್ಸ್ ಶೆಡ್ಯೂಲ್ ಅಂತ ಒಂದು ಟೇಬಲ್ ಇರುತ್ತದೆ. ಕೆಲವು ಕಂಪನಿಗಳು ಅದನ್ನು ಬೇರೆ ಸರ್ವಿಸ್ ಬುಕ್ಕಿನಲ್ಲಿ ಕೊಡುತ್ತವೆ. ಎಡಗಡೆ ಸಾಲಾಗಿ ಇಂಜಿನ್ ಆಯಿಲ್, ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ಕೂಲೆಂಟ್, ಬ್ರೇಕ್ ಫ್ಲೂಯಿಡ್. ಮೇಲ್ಗಡೆ ಕಿಲೋಮೀಟರ್, ತಿಂಗಳು. ಮಧ್ಯದ ಮನೆಗಳಲ್ಲಿ ಒಂದೊಂದೇ ಅಕ್ಷರ. ‘ಆರ್’ ಅಂತಿದ್ದರೆ ಬದಲಿಸಬೇಕು. ‘ಐ’ ಅಂತಿದ್ದರೆ ನೋಡಿ, ಅಗತ್ಯ ಇದ್ದರೆ ಮಾತ್ರ ಬದಲಿಸಬೇಕು. ಎಸ್ಟಿಮೇಟ್ ಉಬ್ಬುವುದು ಮುಖ್ಯವಾಗಿ ಈ ಒಂದು ಅಕ್ಷರದಲ್ಲಿ. ಮ್ಯಾನುಯಲ್‌ನ ‘ಐ’ ಕೌಂಟರಿಗೆ ಬರುವಷ್ಟರಲ್ಲಿ ‘ಆರ್’ ಆಗಿರುತ್ತದೆ. ಇನ್ನು ಟೇಬಲ್‌ನಲ್ಲೇ ಇಲ್ಲದ ಸಾಲುಗಳು ಪುಕ್ಕಟೆ ಅತಿಥಿಗಳ ಹಾಗೆ ಬಂದು ಕೂತಿರುತ್ತವೆ.

ನನ್ನದೇ ಕಾರಿನಲ್ಲಿ ಆದದ್ದು ಹೇಳುತ್ತೇನೆ. 30,000 ಕಿ.ಮೀ. ಸರ್ವಿಸ್. ಎಸ್ಟಿಮೇಟಿನಲ್ಲಿ ಇಂಜಿನ್ ಫ್ಲಶ್ ಇತ್ತು. ‘ಇದು ಯಾಕಪ್ಪಾ?’ ಅಂದೆ. ‘ಕಂಪನಿ ರೆಕಮೆಂಡೇಶನ್ ಸಾರ್’ ಅಂದ. ಮ್ಯಾನುಯಲ್ ತೆಗೆದು ಅವನ ಕೈಗೇ ಕೊಟ್ಟೆ, ‘ತೋರಿಸು’ ಅಂದೆ. ಪಾಪ, ಪುಟ ತಿರುಗಿಸಿದ. ಹಿಂದಿನಿಂದ ಮುಂದಕ್ಕೂ ತಿರುಗಿಸಿದ. ಕೊನೆಗೆ, ‘ಬೇಡ ಅಂದ್ರೆ ತೆಗೀತೀನಿ ಸಾರ್’ ಅಂದ. ಟ್ಯಾಬಿನಲ್ಲಿ ಒಂದು ಟಿಕ್ ಹೋಯಿತು, 1,100 ರೂಪಾಯಿ ಇಳಿಯಿತು. ಸರಿಯಾದ ಗ್ರೇಡಿನ ಆಯಿಲ್ಲನ್ನು ಸರಿಯಾದ ಸಮಯಕ್ಕೆ ಬದಲಿಸುತ್ತಿರುವ ಇಂಜಿನ್‌ಗೆ ಫ್ಲಶ್ ಬೇಕಾಗುವುದಿಲ್ಲ. ಆಯಿಲ್‌ಗೆ ಬೇರೆ ಏನನ್ನೂ ಸೇರಿಸಬೇಡಿ ಅಂತ ಮ್ಯಾನುಯಲ್‌ನಲ್ಲೇ ಬರೆದಿರುವ ಕಂಪನಿಗಳೂ ಇವೆ.

ನಿಮ್ಮ 14,600ಕ್ಕೆ ಬರೋಣ. ನೀವು ಕಳಿಸಿದ ಫೋಟೋ ನೋಡಿ ಪೆನ್ಸಿಲ್ ಹಿಡಿದು ಕೂತೆ. ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್, ಬ್ರೇಕ್ ಫ್ಲೂಯಿಡ್, ವೀಲ್ ಅಲೈನ್‌ಮೆಂಟ್, ಲೇಬರ್ ಎಲ್ಲ ಸೇರಿ 7,000ದ ಆಸುಪಾಸು. ಇದು ಸರಿ ಇದೆ, ಮಾಡಿಸಿ. ಮಿಕ್ಕಿದ್ದೆಲ್ಲ ಮೇಲೆ ಹೇಳಿದ ಅತಿಥಿಗಳು. ಎಲ್ಲವೂ ಮೋಸ ಅಂತ ನಾನು ಹೇಳುವುದಿಲ್ಲ. ಉಡುಪಿಯಲ್ಲೋ ಕಾರವಾರದಲ್ಲೋ ಸಮುದ್ರದ ಗಾಳಿಗೆ ಕಾರು ನಿಲ್ಲಿಸುವವರು ಅಂಡರ್‌ಬಾಡಿ ಕೋಟಿಂಗ್ ಮಾಡಿಸಿದರೆ ಅರ್ಥ ಇದೆ. ತೋಟದ ಮನೆಯವರಿಗೆ ಇಲಿ ಕಾಟ ನಿಜ, ವೈರಿಂಗ್ ಕಡಿದರೆ ಸಾವಿರಗಟ್ಟಲೆ ಕೈ ಬಿಡುತ್ತದೆ. ಅವರು ಬಾನೆಟ್ ಒಳಗೆ ಹೊಗೆಸೊಪ್ಪಿನ ಗಂಟು ಇಡುವುದನ್ನೂ ನೋಡಿದ್ದೇನೆ. ನೀವಿರುವುದು ದಾವಣಗೆರೆ, ನಿಲ್ಲಿಸುವುದು ಮನೆ ಶೆಡ್ಡಿನಲ್ಲಿ. ಎರಡನ್ನೂ ಬಿಟ್ಟುಬಿಡಿ.

ಏಸಿ ಫಿಲ್ಟರ್ ಮಾತ್ರ ನೀವೇ ಬದಲಿಸಿ, ದಮ್ಮಯ್ಯ. ಅಡ್ವೈಸರ್ ಕಪ್ಪಗಾದ ಫಿಲ್ಟರ್ ತಂದು ‘ನೋಡಿ ಸಾರ್, ಇದೇ ಗಾಳಿ ಮಕ್ಕಳು ಕುಡೀತಿರೋದು’ ಅಂತ ಮೂಗಿನ ಹತ್ತಿರ ಹಿಡಿದರೆ ಯಾವ ಅಪ್ಪ ಬೇಡ ಅಂತಾನೆ? ಹೆಚ್ಚಿನ ಸಣ್ಣ ಕಾರುಗಳಲ್ಲಿ ಅದು ಗ್ಲೋವ್ ಬಾಕ್ಸಿನ ಹಿಂದೆಯೇ ಇರುತ್ತದೆ. ಬಾಕ್ಸಿನ ಎರಡೂ ಪಕ್ಕ ಒಳಕ್ಕೆ ಒತ್ತಿದರೆ ಅದು ಕೆಳಕ್ಕೆ ಬಾಗುತ್ತದೆ. ಹಿಂದೆ ಅಂಗೈಯಷ್ಟು ಉದ್ದದ ಮುಚ್ಚಳ. ಅದರ ಕೊಕ್ಕೆ ಬಿಡಿಸಿ ಹಳೆಯದನ್ನು ಎಳೆಯಿರಿ, ಜೊತೆಗೆ ಒಂದೆರಡು ಒಣ ಎಲೆಯೂ ಉದುರುತ್ತದೆ. ಹೊಸದರ ಅಂಚಿನಲ್ಲಿ ಬಾಣದ ಗುರುತು ಇರುತ್ತದೆ, ಹಳೆಯದರ ಬಾಣ ಯಾವ ಕಡೆ ಇತ್ತೋ ಅದೇ ಕಡೆ ಇಟ್ಟು ತಳ್ಳಿ. ಐದು ನಿಮಿಷದ ಕೆಲಸ.

‘ಹೊರಗೆ ಮುಟ್ಟಿಸಿದರೆ ವಾರಂಟಿ ಹೋಗುತ್ತಲ್ಲಾ?’ ಇದು ಮುಂದಿನ ಪ್ರಶ್ನೆ ಅಂತ ಗೊತ್ತು. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗ, ರಿಪೇರಿ ಉಪಕರಣ ಹೊರಗಿನ ಗ್ಯಾರೇಜಿಗೆ ಸಿಗದಂತೆ ಮಾಡಿದ್ದಾರೆ ಅನ್ನುವುದು ಮುಖ್ಯ ಆಕ್ಷೇಪ. ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ಇಡೀ ವಾರಂಟಿ ರದ್ದು ಮಾಡುವ ಹಾಗಿಲ್ಲ, ಆ ಕೆಲಸದಿಂದ ಹಾಳಾದ ಭಾಗಕ್ಕಷ್ಟೇ ಇಲ್ಲ ಅನ್ನಬಹುದು ಅಂತಲೂ ಆದೇಶದಲ್ಲಿತ್ತು. ಕಂಪನಿಗಳು ಮೇಲ್ಮನವಿಗೆ ಹೋದವು, ಅದು ದೊಡ್ಡ ಕಥೆ. ಕೋರ್ಟು ಅಲೆಯುವಷ್ಟು ಪುರುಸೊತ್ತು ನಿಮಗೂ ಇಲ್ಲ, ನನಗೂ ಇಲ್ಲ. ಆದ್ದರಿಂದ ವಾರಂಟಿ ಇರುವವರೆಗೆ ಶೆಡ್ಯೂಲ್ ಸರ್ವಿಸ್ ಅಲ್ಲೇ ಮಾಡಿಸಿ, ಬಿಲ್ ಜೋಪಾನ ಮಾಡಿ. ಪಂಕ್ಚರ್, ವಾಷಿಂಗ್, ಬ್ಯಾಲೆನ್ಸಿಂಗ್ ಎಲ್ಲಿ ಬೇಕಾದರೂ ಮಾಡಿಸಬಹುದು.

ಅಲ್ಲೇ ಮಾಡಿಸಲು ಒಳ್ಳೆಯ ಕಾರಣಗಳೂ ಇವೆ. ಕಂಪನಿಯ ಸ್ಕ್ಯಾನರ್, ಸಾಫ್ಟ್‌ವೇರ್ ಅಪ್‌ಡೇಟ್ ಬೀದಿ ಗ್ಯಾರೇಜಿನ ಅಣ್ಣನ ಹತ್ತಿರ ಸಿಗುವುದು ಕಷ್ಟ. ರೀಕಾಲ್ ಕೆಲಸವಂತೂ ಅಲ್ಲೇ, ಅದೂ ಪುಕ್ಕಟೆ. 2021ರಲ್ಲಿ ಮಾರುತಿ ಮೋಟರ್ ಜನರೇಟರ್ ಯೂನಿಟ್ ಪರೀಕ್ಷಿಸಲು 1,81,754 ಕಾರುಗಳನ್ನು ವಾಪಸ್ ಕರೆದಿತ್ತು. ಕಂಪನಿಯ ವೆಬ್‌ಸೈಟಿನಲ್ಲಿ ಛಾಸಿ ನಂಬರ್ ಹಾಕಿ ನಿಮ್ಮ ಕಾರಿನದ್ದು ಏನಾದರೂ ಇದೆಯಾ ನೋಡಿಕೊಳ್ಳಿ. ಇನ್ನು ಹೊರಗಿನವರೆಲ್ಲ ಹರಿಶ್ಚಂದ್ರರು ಅಂತ ಅಂದುಕೊಳ್ಳಬೇಡಿ. ಒರಿಜಿನಲ್ ಡಬ್ಬಿಯಲ್ಲಿ ಡ್ಯೂಪ್ಲಿಕೇಟ್ ಫಿಲ್ಟರ್ ಬರುವುದೂ ಇದೇ ಲೋಕದಲ್ಲಿ. ಎಲ್ಲೇ ಮಾಡಿಸಿದರೂ ಜಾಬ್ ಕಾರ್ಡ್ ಬರೆಯುವಾಗಲೇ ‘ಬದಲಿಸಿದ ಹಳೇ ಪಾರ್ಟ್ ಡಿಕ್ಕಿಯಲ್ಲಿ ಇಡಿ’ ಅಂತ ಹೇಳಿ. ಆ ಒಂದು ಮಾತಿಗೆ ಎಷ್ಟೋ ಪಾರ್ಟುಗಳು ತಾವಾಗಿಯೇ ಗಟ್ಟಿಮುಟ್ಟಾಗಿಬಿಡುತ್ತವೆ.

ಯಾರೂ ಕೇಳದ ಒಂದು ಪ್ರಶ್ನೆಗೂ ಉತ್ತರ ಹೇಳಿಬಿಡುತ್ತೇನೆ. ಕೀ ಕೊಡುವಾಗ ಆ ಹುಡುಗ ದನಿ ತಗ್ಗಿಸಿ ‘ಸಾರ್, ಒಂದು ಕಾಲ್ ಬರುತ್ತೆ, ಹತ್ತಕ್ಕೆ ಹತ್ತು ಕೊಡಿ ಸಾರ್’ ಅನ್ನುತ್ತಾನಲ್ಲ, ಅದು ಯಾಕೆ? ಸಾಮಾನ್ಯವಾಗಿ ಎರಡು ಕಾಲ್ ಬರುತ್ತವೆ. ಮೊದಲನೆಯದು ಡೀಲರ್ ಕಡೆಯಿಂದ, ನೀವು ಸಿಟ್ಟಿನಲ್ಲಿದ್ದೀರಾ ಅಂತ ನಾಡಿ ನೋಡಲು. ಎರಡನೆಯದು ಕಂಪನಿಯ ಕಡೆಯಿಂದ. ಇಂಥ ಸರ್ವೆಗಳ ಲೆಕ್ಕ ವಿಚಿತ್ರ. ಹತ್ತರಲ್ಲಿ ಒಂಬತ್ತು, ಹತ್ತು ಬಂದರೆ ಮಾತ್ರ ಗ್ರಾಹಕ ಖುಷಿ. ಏಳು, ಎಂಟು ಅಂದರೆ ಲೆಕ್ಕಕ್ಕಿಲ್ಲ. ಆರು ಮತ್ತು ಅದಕ್ಕಿಂತ ಕಡಿಮೆ ಬಂದರೆ ಗ್ರಾಹಕ ಶತ್ರು. ಎಸ್ಸೆಸ್ಸೆಲ್ಸಿಯಲ್ಲಿ ಎಂಬತ್ತು ಪರ್ಸೆಂಟ್ ಬಂದರೆ ಓಣಿಗೆಲ್ಲ ಪೇಡಾ ಹಂಚುವ ನಮಗೆ ಎಂಟು ಅಂದರೆ ಧಾರಾಳ. ಅಲ್ಲಿ ಅದರಿಂದ ಹುಡುಗನ ಇನ್ಸೆಂಟಿವ್ ಹೋಗುತ್ತದೆ.

ನಾನು ಒಮ್ಮೆ ಒಳ್ಳೆ ಮನಸ್ಸಿನಿಂದಲೇ ಎಂಟು ಕೊಟ್ಟಿದ್ದೆ. ಮಾರನೇ ದಿನ ಹುಡುಗ ಮೂರು ಸಲ ಫೋನ್ ಮಾಡಿದ. ‘ಏನು ತಪ್ಪಾಯ್ತು ಸಾರ್?’ ಅಂತ ಕೇಳಿದ ದನಿ ಇನ್ನೂ ಕಿವಿಯಲ್ಲಿದೆ. ಈಗ ಹುಡುಗನಿಗೆ ಹತ್ತೇ ಕೊಡುತ್ತೇನೆ. ಆದರೆ ನಿಜವಾಗಿ ಕಂಪನಿಯವರು ಲೈನಿಗೆ ಸಿಗುವುದು ಆ ಎರಡನೇ ಕಾಲಿನಲ್ಲಿ ಮಾತ್ರ. ‘ಬೇರೆ ಏನಾದರೂ ಹೇಳುವುದಿದೆಯಾ ಸಾರ್?’ ಅಂತ ಕೊನೆಗೆ ಕೇಳುತ್ತಾರಲ್ಲ, ಆಗ ಮ್ಯಾನುಯಲ್‌ನ ಪುಟ ಸಂಖ್ಯೆ ಸಮೇತ ಇಂಜಿನ್ ಫ್ಲಶ್ ವಿಷಯ ಹೇಳುತ್ತೇನೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಕೀಬೋರ್ಡ್ ಸದ್ದು ಕೇಳುತ್ತದೆ.