ಗುಣಾಕಾರದ ಕಾಟ ತಪ್ಪಿಸಿದ ನೇಪಿಯರ್

1600ರ ಆಸುಪಾಸಿನ ವಿಜ್ಞಾನ ಅಂದ್ರೆ ಎಲ್ರಿಗೂ ಗೆಲಿಲಿಯೋ ಟೆಲಿಸ್ಕೋಪೇ ನೆನಪಾಗೋದು. ಅದೇ ಕಾಲದಲ್ಲಿ ಎಡಿನ್‌ಬರೋ ಹತ್ರ ಜಾನ್ ನೇಪಿಯರ್ ಅನ್ನೋ ಜಮೀನ್ದಾರ ಸುಮಾರು 20 ವರ್ಷ ಕೂತು ಒಂದು ಅಂಕಿಗಳ ಕೋಷ್ಟಕ ಮಾಡಿದ, 1614ರಲ್ಲಿ ಪ್ರಿಂಟ್ ಆಯ್ತು, ಅದೇ ಲಾಗರಿದಮ್ (ಚಿಕ್ಕದಾಗಿ ಲಾಗ್), ಅಂದ್ರೆ ಒಂದೊಂದು ಸಂಖ್ಯೆಗೂ ಜೋಡಿಯಾಗಿ ಕೊಟ್ಟ ಇನ್ನೊಂದು ಸಂಖ್ಯೆ. ನನ್ನ ಕೇಳಿದ್ರೆ ಇದೂ ಟೆಲಿಸ್ಕೋಪಿನಷ್ಟೇ ದೊಡ್ಡ ಕೆಲಸ.

ಆಗ ಗ್ರಹಗಳ ಲೆಕ್ಕ ಹಾಕೋರು ಏಳೆಂಟು ಅಂಕಿಯ ಸಂಖ್ಯೆಗಳನ್ನ ಕೈಯಲ್ಲೇ ಗುಣಿಸ್ಬೇಕಿತ್ತು, ಭಾಗಿಸ್ಬೇಕಿತ್ತು, ಮಧ್ಯೆ ಒಂದು ಅಂಕಿ ತಪ್ಪಿದ್ರೆ ಮತ್ತೆ ಮೊದಲಿಂದ ಶುರು. ನೇಪಿಯರ್ ಕೋಷ್ಟಕ ಬಂದ್ಮೇಲೆ ಗುಣಾಕಾರ ಅಂದ್ರೆ ಬರೀ ಕೂಡೋದು, ಭಾಗಾಕಾರ ಅಂದ್ರೆ ಕಳೆಯೋದು. ಈಗಿನ ಲಾಗ್ ಅಂದ್ರೆ 10ನ್ನ ಎಷ್ಟನೇ ಘಾತಕ್ಕೆ ಏರಿಸಿದ್ರೆ ಆ ಸಂಖ್ಯೆ ಬರತ್ತೆ ಅನ್ನೋದು, ಅದ್ರಲ್ಲೇ ನೋಡಿ, 2ರ ಲಾಗ್ 0.30103, 3ರದ್ದು 0.47712, ಎರಡೂ ಕೂಡಿದ್ರೆ 0.77815, ಅದು ಯಾರ ಲಾಗ್ ಅಂತ ಕೋಷ್ಟಕದಲ್ಲಿ ಹುಡುಕಿದ್ರೆ 6 ಸಿಗತ್ತೆ. ವರ್ಗಮೂಲ ಬೇಕಾದ್ರೆ ಲಾಗನ್ನ ಅರ್ಧ ಮಾಡಿದ್ರೆ ಆಯ್ತು!

ಆದ್ರೆ ನೇಪಿಯರ್ ಮೊದಲು ಮಾಡಿದ್ದು ಹಿಂಗಿರ್ಲಿಲ್ಲ, ಅದ್ರಲ್ಲಿ 1ರ ಲಾಗ್ ಸೊನ್ನೆ ಅಲ್ಲ, ಹಾಗಾಗಿ ಕೂಡಿದ್ಮೇಲೆ 1ರ ಲಾಗನ್ನ ಕಳೀಬೇಕು, ಬಳಸೋಕೆ ಸ್ವಲ್ಪ ಕಷ್ಟ. ಲಂಡನ್ನಿನ ಗ್ರೆಶಮ್ ಕಾಲೇಜಿನ ಪ್ರೊಫೆಸರ್ ಹೆನ್ರಿ ಬ್ರಿಗ್ಸ್ ಪುಸ್ತಕ ಓದಿ ಎಷ್ಟು ಖುಷಿಯಾದ ಅಂದ್ರೆ 1615ರಲ್ಲಿ ಅಷ್ಟು ದೂರದ ಎಡಿನ್‌ಬರೋಗೇ ಹೊರಟ. ಇಬ್ರೂ ಕೂತು ಮಾತಾಡಿ 1ಕ್ಕೆ ಸೊನ್ನೆ, 10ಕ್ಕೆ 1 ಅಂತ ಮಾಡ್ಕೊಂಡ್ರು. ನೇಪಿಯರ್ 1617ರಲ್ಲಿ ತೀರ್ಕೊಂಡ, ಮಿಕ್ಕ ಕೆಲಸವೆಲ್ಲ ಬ್ರಿಗ್ಸ್ ತಲೆ ಮೇಲೆ. 1624ರಲ್ಲಿ ಅವನು ಕೊಟ್ಟಿದ್ದು 30,000 ಸಂಖ್ಯೆಗಳ ಲಾಗ್ (1ರಿಂದ 20,000, ಆಮೇಲೆ 90,000ದಿಂದ 1,00,000), ಒಂದೊಂದೂ 14 ದಶಮಾಂಶ ಸ್ಥಾನದವರೆಗೆ, ಮಷೀನ್ ಇಲ್ಲದ ಕಾಲದಲ್ಲಿ! ಮಧ್ಯೆ 20,000ದಿಂದ 90,000ದವರೆಗೆ ಬಿಟ್ಟುಹೋಗಿದ್ದನ್ನ 1628ರಲ್ಲಿ ನೆದರ್ಲೆಂಡ್ಸಿನ ಏಡ್ರಿಯಾನ್ ವ್ಲಾಕ್ 10 ಸ್ಥಾನಕ್ಕೆ ತುಂಬಿಸಿದ.

ಗ್ರಹಗಳ ಚಲನೆಯ ನಿಯಮ ಕಂಡುಹಿಡಿದ ಜರ್ಮನ್ ಖಗೋಳಜ್ಞ ಕೆಪ್ಲರ್‌ಗಂತೂ ಇದು ವರ. ಆದ್ರೆ ಅವನ ಗುರು ಮೆಸ್ಟ್ಲಿನ್‌ಗೆ ಇಷ್ಟ ಆಗ್ಲಿಲ್ಲ, ಲೆಕ್ಕ ಸುಲಭ ಆಯ್ತು ಅಂತ ಗಣಿತದ ಪ್ರೊಫೆಸರ್ ಕುಣಿಯೋದು ಶೋಭೆ ಅಲ್ಲ ಅನ್ನೋ ಧಾಟಿ ಅವನದ್ದು. ಇದನ್ನ ನಾನು ಒಪ್ಪಲ್ಲ, ಗುಣಾಕಾರಕ್ಕೆ ಹೋಗ್ತಿದ್ದ ತಿಂಗಳುಗಳು ಉಳಿದ್ರೆ ಅದು ಯೋಚನೆಗೆ ಸಿಗತ್ತಲ್ವಾ? ಕೆಪ್ಲರ್ ಸುಮ್ನೆ ಕೂರ್ಲಿಲ್ಲ, ಲಾಗ್ ಯಾಕೆ ಸರಿ ಅಂತ ತಾನೇ ಸಾಧಿಸಿ 1624ರಲ್ಲಿ ಬೇರೆ ಪುಸ್ತಕ ತಂದ, ಗ್ರಹಗಳ ಸ್ಥಾನ ಲೆಕ್ಕ ಹಾಕೋಕಿರೋ 1627ರ ತನ್ನ ರುಡಾಲ್ಫೈನ್ ಕೋಷ್ಟಕಗಳಲ್ಲೂ ಲಾಗ್ ಬಳಸಿದ. ಅದ್ರಿಂದ ಬುಧ ಗ್ರಹ ಸೂರ್ಯನ ಮುಂದೆ ಹಾದುಹೋಗೋ ದಿನ ಲೆಕ್ಕ ಹಾಕಿ ಹೇಳಿದ್ದ, 1631ರ ನವೆಂಬರ್ 7ರಂದು ಪ್ಯಾರಿಸ್‌ನಲ್ಲಿ ಫ್ರೆಂಚ್ ಖಗೋಳಜ್ಞ ಗಾಸೆಂಡಿ ಅದನ್ನ ಕಣ್ಣಾರೆ ನೋಡಿದ. ಅಷ್ಟೊತ್ತಿಗೆ ಕೆಪ್ಲರ್ ತೀರ್ಕೊಂಡು ಒಂದು ವರ್ಷ ಆಗ್ತಾ ಬಂದಿತ್ತು.